ಎದುರು ಬೇಕರಿಯವರು ಖಾರಾ ಬನ್ 13 ರೂಪಾಯಿಗೆ ಇಳಿಸಿದ್ದಾರೆ, ನಾನೂ ಇಳಿಸಲಾ?

ಬಿಸಿ_ಬನ್:
ನಮಸ್ಕಾರ. ಹಾಸನದ ಕಡೆ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ಬೇಕರಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಎಂಟು ತಿಂಗಳ ಹಿಂದೆ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಸರಿಯಾಗಿ ನಮ್ಮ ಎದುರಿಗೇ ಇನ್ನೊಂದು ಬೇಕರಿ ಬಂತು. ಇಬ್ಬರೂ ಖಾರಾ ಬನ್ 15 ರೂಪಾಯಿಗೆ ಮಾರುತ್ತಿದ್ದೆವು, ಜಗಳ ಏನಿರಲಿಲ್ಲ. ಎರಡು ವಾರದ ಹಿಂದೆ ಬೆಳಗ್ಗೆ ಶಟರ್ ಎತ್ತಿ ನೋಡುತ್ತೇನೆ, ಆ ಕಡೆ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಇಷ್ಟು ದಪ್ಪಕ್ಕೆ ‘ಖಾರಾ ಬನ್ 13’ ಅಂತ ಬರೆದಿದ್ದಾರೆ.

ನನಗೆ ಮೈದಾ, ಡಾಲ್ಡಾ, ಈರುಳ್ಳಿ, ಸೌದೆ, ಕೂಲಿ ಎಲ್ಲ ಸೇರಿ ಒಂದು ಬನ್ನಿಗೆ 9 ರೂಪಾಯಿ ಬೀಳುತ್ತದೆ. ಮುಂಚೆ ದಿನಕ್ಕೆ 300 ಹೋಗುತ್ತಿತ್ತು, ಈಗ ಕಮ್ಮಿ ಆಗಿದೆ. ಅಪ್ಪ ‘ನೀನು 12 ಮಾಡು, ಎರಡು ತಿಂಗಳಲ್ಲಿ ಅವನು ಬಾಗಿಲು ಹಾಕುತ್ತಾನೆ’ ಅನ್ನುತ್ತಾರೆ. ತಂಗಿ ಬಿಕಾಂ ಓದುತ್ತಿದ್ದಾಳೆ. ‘ಇದು ಗೇಮ್ ಥಿಯರಿ ಅಣ್ಣಾ, ಖೈದಿಗಳ ಇಕ್ಕಟ್ಟು’ ಅಂತ ಒಂದು ಚೌಕ ಬರೆದು ತೋರಿಸಿದಳು. ತಲೆಗೆ ಹೋಗಲಿಲ್ಲ. ಗೊತ್ತಿರುವವರು ಹೇಳಿ, ಇಳಿಸಲಾ ಬೇಡವಾ?

ಸುಮ್ನೆ_ಓದ್ತೀನಿ:
ಯಾವ ಊರು ಹೇಳಿ ಸರ್, 13ಕ್ಕೆ ಸಿಗುತ್ತೆ ಅಂದ್ರೆ ಬರ್ತೀವಿ 😄

ಲೆಕ್ಕದ_ಮೇಷ್ಟ್ರು:
ಗೇಮ್ ಥಿಯರಿ ಅಂದರೆ ಎದುರಿನವರು ಏನು ಮಾಡಬಹುದು ಅಂತ ನೋಡಿ ನಮ್ಮ ಹೆಜ್ಜೆ ಇಡುವ ಲೆಕ್ಕ. ತಂಗಿ ಬರೆದ ಚೌಕ ಹೀಗಿರಬೇಕು. ನೀವು 300, ಅವರು 300 ಅಂತ ಇಟ್ಟುಕೊಳ್ಳಿ. ಇಬ್ಬರೂ 15ರಲ್ಲೇ ಇದ್ದರೆ ಬನ್ನಿಗೆ 6 ರೂಪಾಯಿ ಉಳಿತಾಯ, ತಲಾ 1,800. ಒಬ್ಬರು ಮಾತ್ರ 13ಕ್ಕೆ ಇಳಿಸಿದರೆ ಗಿರಾಕಿಗಳೆಲ್ಲ ಆ ಕಡೆ ಓಡುತ್ತಾರೆ. ಅವರಿಗೆ 500 ಬನ್, ತಲಾ 4 ರೂಪಾಯಿಯಂತೆ 2,000. ಇಳಿಸದವರಿಗೆ 100 ಬನ್, 600 ರೂಪಾಯಿ. ಇಬ್ಬರೂ ಇಳಿಸಿದರೆ ಜನ ಸ್ವಲ್ಪ ಜಾಸ್ತಿ ತಿನ್ನಬಹುದು, ತಲಾ 310 ಅನ್ನಿ, 1,240.

ಈಗ ನೋಡಿ. ಎದುರಿನವರು 15ರಲ್ಲಿದ್ದರೆ ನಿಮಗೆ ಇಳಿಸುವುದೇ ಲಾಭ, 1,800ರ ಬದಲು 2,000. ಅವರು 13ರಲ್ಲಿದ್ದರೂ ಇಳಿಸುವುದೇ ಲಾಭ, 600ರ ಬದಲು 1,240. ಅವರಿಗೂ ಇದೇ ಲೆಕ್ಕ. ಹಾಗಾಗಿ ಇಬ್ಬರೂ ಬುದ್ಧಿವಂತಿಕೆಯಿಂದಲೇ ಹೆಜ್ಜೆ ಇಟ್ಟು 1,240ಕ್ಕೆ ಬಂದು ಕೂರುತ್ತೀರಿ, ಇಬ್ಬರೂ ಸುಮ್ಮನಿದ್ದಿದ್ದರೆ 1,800 ಇತ್ತು. ಇದೇ ಇಕ್ಕಟ್ಟು.

ಎಂಬಿಎ_ಹುಡುಗಿ:
ಸರಿಯಾಗಿ ಹೇಳಿದಿರಿ. ಇದಕ್ಕೇ ಜಾನ್ ನ್ಯಾಶ್‌ಗೆ ನೊಬೆಲ್ ಬಂದಿದ್ದು. ಇಬ್ಬರಿಗೂ ಒಳ್ಳೆಯದಾಗುವ ಜಾಗಕ್ಕೆ ನ್ಯಾಶ್ ಸಮತೋಲನ ಅನ್ನುತ್ತಾರೆ.

ಅರ್ಧ_ಕಾಫಿ:
ಎರಡೂ ತಪ್ಪು. ಇಕ್ಕಟ್ಟಿನ ಆಟವನ್ನು ಮೊದಲು ಕಟ್ಟಿದ್ದು 1950ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್. ಅದಕ್ಕೆ ಖೈದಿಗಳ ಕಥೆ (ಬೇರೆ ಬೇರೆ ಸೆಲ್‌ನಲ್ಲಿ ಕೂಡಿಟ್ಟ ಇಬ್ಬರು, ಇನ್ನೊಬ್ಬ ಬಾಯಿ ಬಿಡುತ್ತಾನೆ ಅನ್ನುವ ಭಯಕ್ಕೆ ಇಬ್ಬರೂ ಬಾಯಿ ಬಿಡುವುದು) ತೊಡಿಸಿದ್ದು ಆಲ್ಬರ್ಟ್ ಟಕರ್, ಇವರು ನ್ಯಾಶ್‌ನ ಗುರು. ನ್ಯಾಶ್‌ಗೆ 1994ರಲ್ಲಿ ಸೆಲ್ಟನ್, ಹರ್ಸಾನಿ ಜೊತೆ ನೊಬೆಲ್ ಬಂದದ್ದು ಸಮತೋಲನದ ಕೆಲಸಕ್ಕೆ. ಅದಂತೂ ‘ಇಬ್ಬರಿಗೂ ಒಳ್ಳೆಯ ಜಾಗ’ ಅಲ್ಲವೇ ಅಲ್ಲ. ಎದುರಿನವನು ಕದಲದಿದ್ದರೆ ನಾನೊಬ್ಬನೇ ಕದಲಿ ಏನೂ ಗಿಟ್ಟುವುದಿಲ್ಲ ಅನ್ನುವ ಜಾಗ, ಅಷ್ಟೇ. ಮೇಷ್ಟ್ರ ಚೌಕದಲ್ಲಿ ನ್ಯಾಶ್ ಜಾಗ 1,240, ಇಬ್ಬರೂ ಅಳುವ ಜಾಗ.

ಎಂಬಿಎ_ಹುಡುಗಿ:
ಸರಿ ಸರಿ ಒಪ್ಪಿದೆ. ಪರೀಕ್ಷೆ ಮುಗಿದು ನಾಲ್ಕು ವರ್ಷ ಆಯ್ತು ಮಾರಾಯ್ರೆ.

ರೀಚಾರ್ಜ್_ಅಂಗಡಿ:
ಅಪ್ಪನ ಸಲಹೆ ಬಗ್ಗೆ ನನ್ನದೊಂದು ಮಾತು. ಬೆಲೆ ಇಳಿಸಿ ಎದುರಿನವನನ್ನು ಓಡಿಸುವ ಆಟ ಜೇಬು ಆಳವಾಗಿದ್ದವರಿಗೆ ಮಾತ್ರ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ನನ್ನ ಅಂಗಡಿ ಮುಂದೆ ಆಧಾರ್ ಹಿಡಿದುಕೊಂಡು ನಿಂತಿದ್ದ ಸಾಲು ಇನ್ನೂ ಕಣ್ಣ ಮುಂದೆ ಇದೆ. ಮೊದಲು ಡಿಸೆಂಬರ್ ತನಕ ಫ್ರೀ ಅಂದರು, ಆಮೇಲೆ 2017ರ ಮಾರ್ಚ್ ತನಕ ಅಂದರು. ಉಳಿದವರೂ ದರ ಇಳಿಸಲೇಬೇಕಾಯ್ತು. ಒಬ್ಬೊಬ್ಬರೇ ಬಾಗಿಲು ಹಾಕಿದರು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು.

ಆಟ ಆಮೇಲೆ ಹೇಗೆ ತಿರುಗಿತು ನೋಡಿ. 2019ರ ಡಿಸೆಂಬರ್‌ನಲ್ಲಿ ವೊಡಾಫೋನ್ ಐಡಿಯಾ, ಏರ್‌ಟೆಲ್ 3ನೇ ತಾರೀಕು ದರ ಏರಿಸಿದವು, ಜಿಯೋ 6ಕ್ಕೆ. 2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್ 3ಕ್ಕೆ, ವೊಡಾಫೋನ್ ಐಡಿಯಾ 4ಕ್ಕೆ. ಹತ್ತು ಹನ್ನೆರಡು ಜನ ಇದ್ದಾಗ ಕಿತ್ತಾಡುತ್ತಿದ್ದವರು ಮೂವರಾದ ಮೇಲೆ ಜೊತೆಜೊತೆಗೆ ಹೆಜ್ಜೆ ಹಾಕುತ್ತಾರೆ. ನಿಮ್ಮ ಹತ್ತಿರ ಅಷ್ಟು ದುಡ್ಡಿದ್ದರೆ ಅಪ್ಪ ಹೇಳಿದ ಹಾಗೆ ಮಾಡಿ.

ಸುಮ್ನೆ_ಓದ್ತೀನಿ:
ಹಾಗಾದ್ರೆ ಮೂವರೂ ಸೇರಿ ಮಾತಾಡಿಕೊಂಡಿದ್ದಾರೆ ಅಂತೀರಾ

ರೀಚಾರ್ಜ್_ಅಂಗಡಿ:
ನಾನು ಹಾಗೆ ಹೇಳಲಿಲ್ಲ. ಮಾತಾಡುವ ಅಗತ್ಯವೇ ಇಲ್ಲ. ದರ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಎಲ್ಲರೂ ಓದುತ್ತಾರೆ.

ಕರಿ_ಕೋಟು:
ಈ ವ್ಯತ್ಯಾಸ ಮುಖ್ಯ. ಬೋರ್ಡ್ ನೋಡಿ ನೀವು ಬೆಲೆ ಬದಲಿಸಿದರೆ ತಪ್ಪಿಲ್ಲ. ರಸ್ತೆ ದಾಟಿ ಹೋಗಿ ‘ಇಬ್ಬರೂ 15ಕ್ಕೇ ಮಾರೋಣ’ ಅಂತ ಕೈ ಕುಲುಕಿದರೆ ಅದು 2002ರ ಸ್ಪರ್ಧಾ ಕಾಯಿದೆಯ 3ನೇ ಸೆಕ್ಷನ್ ಕೆಳಗೆ ಬರುತ್ತದೆ. ಆ ಕಾಯಿದೆ ಒಳಗೇ ಖೈದಿಗಳ ಇಕ್ಕಟ್ಟು ಕೂತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗುಟ್ಟಾಗಿ ಬೆಲೆ ಕಟ್ಟಿಕೊಂಡವರಲ್ಲಿ ಯಾರು ಮೊದಲು ಬಂದು ಬಾಯಿ ಬಿಡುತ್ತಾರೋ ಅವರಿಗೆ ದಂಡದಲ್ಲಿ ನೂರಕ್ಕೆ ನೂರು ಮಾಫಿ ಸಿಗಬಹುದು. ಎರಡನೆಯವರಿಗೆ ಕಮ್ಮಿ, ಮೂರನೆಯವರಿಗೆ ಇನ್ನೂ ಕಮ್ಮಿ.

ಟಾರ್ಚಿಗೆ ಹಾಕುವ ಸೆಲ್ ಕೇಸು ಇದಕ್ಕೆ ಸರಿಯಾದ ಉದಾಹರಣೆ. 2018ರ ಏಪ್ರಿಲ್‌ನಲ್ಲಿ ಸ್ಪರ್ಧಾ ಆಯೋಗ ಎವರೆಡಿಗೆ 171 ಕೋಟಿ ಚಿಲ್ಲರೆ, ನಿಪ್ಪೋ ಮಾಡುವ ಇಂಡೋ ನ್ಯಾಷನಲ್‌ಗೆ 42 ಕೋಟಿ ಚಿಲ್ಲರೆ ದಂಡ ಹಾಕಿತು. ಮೊದಲು ಹೋಗಿ ಒಪ್ಪಿಕೊಂಡ ಪ್ಯಾನಾಸೋನಿಕ್‌ನ ದಂಡ ಪೂರ್ತಿ ಮಾಫಿ ಆಯ್ತು. ಪಕ್ಕದ ಸೆಲ್‌ನಲ್ಲಿ ಇರುವವನು ಬಾಯಿ ಬಿಡುತ್ತಾನೆ ಅನ್ನುವ ಭಯವನ್ನೇ ಸರ್ಕಾರ ಬಳಸಿಕೊಳ್ಳುತ್ತದೆ.

ಅರ್ಧ_ಕಾಫಿ:
‘ಪಕ್ಕದ ಸೆಲ್’ 😂 ಬೇಕಂತಲೇ ಬರೆದಿದ್ದಾ?

ಟೊಮೇಟೊ_ಬಾಕ್ಸ್:
ಎರಡು ಬೇಕರಿಗೆ ಡೆಲ್ಲಿಯಿಂದ ಆಯೋಗ ಬರುತ್ತಾ ಸ್ವಾಮಿ? ನಮ್ಮ ಕಡೆ ಸಲೂನಿನವರು ಎಲ್ಲ ಅಂಗಡಿಯಲ್ಲೂ ಒಂದೇ ದರ ಪಟ್ಟಿ ನೇತು ಹಾಕುತ್ತಾರೆ, ಕೆಳಗೆ ಸಂಘದ ಸೀಲ್ ಬೇರೆ.

ಕರಿ_ಕೋಟು:
ಬರುವುದಿಲ್ಲ ಅನ್ನಿ. ಆದರೆ ಸಾರ್ವಜನಿಕವಾಗಿ ಕೇಳಿದ್ದಾರೆ, ಹೇಳಬೇಕಾದ್ದು ನನ್ನ ಕೆಲಸ.

ಮಂಗಳೂರು_ಮಳೆ:
ಗೇಮ್ ಥಿಯರಿ ಅಂದ್ರೆ ಚೌಕಾಬಾರ ಅಂದ್ಕೊಂಡು ಬಂದೆ. ನಿರಾಸೆ ಆಯ್ತು.

ಚೀಟಿ_ಸೊಸೆ:
ಚೌಕಾಬಾರ ಬೇಡ, ಚೀಟಿ ನೋಡಿ. ನಮ್ಮ ಅತ್ತೆ ಏಳನೇ ಕ್ಲಾಸು ಓದಿದವರು, ಆದರೆ ಚೀಟಿ ಕೂಗಿನಲ್ಲಿ ಅವರ ಮುಂದೆ ಯಾರೂ ಇಲ್ಲ. 20 ಜನ, ತಿಂಗಳಿಗೆ 5 ಸಾವಿರ, ಒಟ್ಟು 1 ಲಕ್ಷ. ಯಾರು ಹೆಚ್ಚು ಕಳೆದುಕೊಳ್ಳಲು ಒಪ್ಪುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟ ದುಡ್ಡಿನಲ್ಲಿ ನಡೆಸುವವರ ಕಮಿಷನ್ ಹೋಗಿ ಉಳಿದದ್ದು ಎಲ್ಲರಿಗೂ ಹಂಚಿಕೆ. ಹಾಗಾಗಿ ದುಡ್ಡು ಬೇಡದವರಿಗೂ ಕೂಗು ಮೇಲೆ ಹೋಗಲಿ ಅನ್ನುವ ಆಸೆ.

ಒಂದು ಸಲ ಹಿಂದಿನ ಬೀದಿಯವರಿಗೆ ಮಗಳ ಮದುವೆ, ದುಡ್ಡು ಬೇಕೇ ಬೇಕು ಅಂತ ಅತ್ತೆಗೆ ಗೊತ್ತಿತ್ತು. ಅವರು 18 ಸಾವಿರ ಅಂದರೆ ಇವರು 19. ಅವರು 20 ಅಂದರೆ ಇವರು 21. ಎಲೆಯಡಿಕೆ ಹಾಕಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ. ಅವರು 24 ಅಂದರು, ಇವರು 25 ಅಂದರು. ಆ ಕಡೆಯವರು ಸೆರಗು ಸರಿ ಮಾಡಿಕೊಂಡು ‘ಸರಿ, ನೀವೇ ತಗೊಳಿ ಅಕ್ಕಾ’ ಅಂದುಬಿಟ್ಟರು. ಅವರಿಗೆ ಊರಿಂದ ತಮ್ಮ ಸಾಲ ಕೊಡುತ್ತೇನೆ ಅಂದಿದ್ದನಂತೆ, ಅದು ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ಬೇಡದ ಚೀಟಿ 75 ಸಾವಿರಕ್ಕೆ ಮನೆಗೆ ಬಂತು. ಮಾವ ಒಂದು ವಾರ ಮಾತಾಡಲಿಲ್ಲ. ನಮ್ಮನೆ ಫ್ರಿಜ್ ಹಾಗೆ ಬಂದಿದ್ದು.

ಅರ್ಧ_ಕಾಫಿ:
ಈ ಎಳೆಯಲ್ಲಿ ಇದೇ ಬೆಸ್ಟ್. ಎದುರಿನವರ ಕೈಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಆಡುವ ಆಟ ಇದು, ಹರ್ಸಾನಿಗೆ ನೊಬೆಲ್ ತಂದುಕೊಟ್ಟದ್ದು ಇಂಥ ಆಟಗಳ ಕೆಲಸವೇ. ಅತ್ತೆಗೆ ಆದದ್ದು ದೊಡ್ಡದಾಗಿಯೂ ಆಗುತ್ತದೆ. 2010ರಲ್ಲಿ ಮೊಬೈಲ್ ಕಂಪನಿಗಳಿಗೆ 3ಜಿ ತರಂಗಾಂತರದ ಹರಾಜು 34 ದಿನ, 183 ಸುತ್ತು ನಡೆಯಿತು. ಸರ್ಕಾರಕ್ಕೆ 67 ಸಾವಿರ ಕೋಟಿಗೂ ಜಾಸ್ತಿ ಬಂತು. 22 ವಲಯ ಇದ್ದವು, ಯಾವ ಖಾಸಗಿ ಕಂಪನಿಗೂ ಎಲ್ಲ ವಲಯ ಸಿಗಲಿಲ್ಲ. ಪಕ್ಕದವನು ಕೂಗಿದ ಅಂತ ತಾನೂ ಕೂಗಿ ಗೆದ್ದು, ಆಮೇಲೆ ಬಡ್ಡಿ ಕಟ್ಟಲು ಒದ್ದಾಡಿದವರು ಇದ್ದಾರೆ. ಗೆದ್ದವನ ಶಾಪ ಅಂತಲೇ ಇದಕ್ಕೆ ಹೆಸರು.

ಮಂಗಳೂರು_ಮಳೆ:
ಅತ್ತೆಗೆ ನೊಬೆಲ್ ಕೊಡಿಸಿ.

ಟೊಮೇಟೊ_ಬಾಕ್ಸ್:
ನಮ್ಮದು ಕೋಲಾರ ಕಡೆ. ನಮಗೆ ಇಬ್ಬರ ಆಟ ಅಲ್ಲ, ಸಾವಿರಾರು ಜನರ ಆಟ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿತು. ಮಂಡಿಯಲ್ಲಿ ಕೂಗುವವರ ಗಂಟಲು ಕಟ್ಟಿಹೋಗಿತ್ತು. ನಮ್ಮ ತೋಟದಲ್ಲಿ ಆಗ ಇದ್ದದ್ದು ಕೋಸು, ನಮ್ಮ ಹಣೆಬರಹ. ಊರಿಗೆ ಊರೇ ಟೊಮೇಟೊ ನಾಟಿ ಮಾಡಿತು, ನಾನೂ ಮಾಡಿದೆ. ಸೆಪ್ಟೆಂಬರ್‌ಗೆ ಕಿತ್ತ ಕೂಲಿ ಹುಟ್ಟಲಿಲ್ಲ. ಎಲ್ಲರೂ ಹಾಕುತ್ತಾರೆ ಅಂತ ಗೊತ್ತು. ಎಲ್ಲರೂ ಹಾಕುತ್ತಾರೆ ಅಂತ ಎಲ್ಲರೂ ಬಿಟ್ಟರೆ, ಹಾಕಿದವನು ಗೆದ್ದ. ಇದಕ್ಕೆ ನಿಮ್ಮ ಥಿಯರಿಯಲ್ಲಿ ಉತ್ತರ ಇದೆಯಾ?

ಅರ್ಧ_ಕಾಫಿ:
ಇದೆ, ಆದರೆ ನಿಮಗೆ ಖುಷಿ ಕೊಡುವ ಉತ್ತರ ಅಲ್ಲ. ಬ್ರಯಾನ್ ಆರ್ಥರ್ ಅನ್ನುವವರು 1994ರಲ್ಲಿ ಇದನ್ನೇ ಒಂದು ಬಾರ್ ಇಟ್ಟುಕೊಂಡು ಬರೆದರು. ರಶ್ ಇಲ್ಲದಿದ್ದರೆ ಮಾತ್ರ ಹೋಗುವುದರಲ್ಲಿ ಮಜಾ, ಆದರೆ ಎಲ್ಲರೂ ಹಾಗೇ ಯೋಚಿಸುತ್ತಾರೆ. ಎಲ್ಲರೂ ಒಂದೇ ಲೆಕ್ಕ ಹಾಕಿದರೆ ಯಾವ ಲೆಕ್ಕವೂ ಸರಿಯಾಗುವುದಿಲ್ಲ.

ಟೊಮೇಟೊ_ಬಾಕ್ಸ್:
ಇಷ್ಟು ನಮ್ಮಜ್ಜನೂ ಹೇಳುತ್ತಿದ್ದ. ನೊಬೆಲ್ ಇಲ್ಲದೆ.

ಡಲ್ಲಾಸ್_ಕನ್ನಡಿಗ:
ಬೇಕರಿ ವಿಷಯಕ್ಕೆ ವಾಪಸ್ ಬರೋಣ. ಇಲ್ಲಿ ದೊಡ್ಡ ಅಂಗಡಿಗಳು ‘ಬೇರೆ ಕಡೆ ಕಮ್ಮಿಗೆ ಸಿಕ್ಕರೆ ತೋರಿಸಿ, ಅದೇ ಬೆಲೆಗೆ ಕೊಡುತ್ತೇವೆ’ ಅಂತ ಬೋರ್ಡ್ ಹಾಕುತ್ತವೆ. ಗಿರಾಕಿಗೆ ಉಪಕಾರ ಅನ್ನಿಸುತ್ತದೆ ಅಲ್ವಾ? ನಿಜವಾಗಿ ಅದು ಎದುರು ಅಂಗಡಿಗೆ ಬರೆದ ಕಾಗದ. ‘ನೀನು ಇಳಿಸಿದ ದಿನವೇ ನಾನೂ ಇಳಿಸಿದ ಹಾಗೆ, ನಿನಗೆ ಒಬ್ಬ ಗಿರಾಕಿಯೂ ಜಾಸ್ತಿ ಬರುವುದಿಲ್ಲ, ಸುಮ್ನೆ ಯಾಕೆ ಇಳಿಸುತ್ತೀಯ’ ಅಂತ. ನೀವೂ ಹಾಗೊಂದು ಬೋರ್ಡ್ ಹಾಕಿ ನೋಡಿ.

ಬಿಸಿ_ಬನ್:
ಅವರು ಈಗಾಗಲೇ ಇಳಿಸಿ ಆಗಿದೆ ಸರ್. ಬೋರ್ಡ್ ಹಾಕಿದ ದಿನವೇ ಎಲ್ಲರೂ 13 ಕೊಟ್ಟು ಹೋಗುತ್ತಾರೆ.

ಡಲ್ಲಾಸ್_ಕನ್ನಡಿಗ:
ಹೌದಲ್ಲ. ಎಂಟು ತಿಂಗಳ ಹಿಂದೆ ಹಾಕಬೇಕಿತ್ತು.

ಲೆಕ್ಕದ_ಮೇಷ್ಟ್ರು:
ಇನ್ನೊಂದು ಬಿಟ್ಟುಹೋಗಿದೆ. ನನ್ನ ಚೌಕ ಒಂದೇ ದಿನದ ಆಟಕ್ಕೆ. ನೀವಿಬ್ಬರೂ ದಿನಾ ಬೆಳಗ್ಗೆ ಶಟರ್ ಎತ್ತಿ ಅದೇ ಆಟ ಮತ್ತೆ ಆಡುತ್ತೀರಿ. ಆಗ ಲೆಕ್ಕವೇ ಬೇರೆ. ಮಿಚಿಗನ್‌ನಲ್ಲಿ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವವರು ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಈ ಆಟದ ಪಂದ್ಯ ಇಟ್ಟಾಗ ಗೆದ್ದದ್ದು ಅನಾತೊಲ್ ರ್‍ಯಾಪೊಪೋರ್ಟ್ ಕಳಿಸಿದ ತೀರಾ ಚಿಕ್ಕ ಪ್ರೋಗ್ರಾಂ. ಮೊದಲು ಸ್ನೇಹ, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ವಾಪಸ್ ಮಾಡುವುದು. ನಮ್ಮಲ್ಲಿ ಮುಯ್ಯಿಗೆ ಮುಯ್ಯಿ ಅನ್ನುವುದಿಲ್ಲವಾ, ಅದೇ. ಮದುವೆ ಮನೆಯ ಮುಯ್ಯಿ ಪುಸ್ತಕವೂ ಅದೇ ಆಟ. ಅವರು 501 ಹಾಕಿದ್ದರೆ ನಾವೂ 501. ಎಲ್ಲರಿಗೂ ಇನ್ನೊಂದು ಮದುವೆ ಬರುತ್ತದೆ ಅಂತ ಗೊತ್ತಿರುವುದರಿಂದ ಯಾರೂ ಮೋಸ ಮಾಡುವುದಿಲ್ಲ.

ಚೀಟಿ_ಸೊಸೆ:
ಕೊನೆ ಮಗನ ಮದುವೆ ಆದ ಮೇಲೆ ನೋಡಿ, 501 ಇದ್ದದ್ದು 101 ಆಗುತ್ತೆ 😏

ಲೆಕ್ಕದ_ಮೇಷ್ಟ್ರು:
ಸರಿಯಾಗಿ ಹಿಡಿದಿರಿ! ಆಟಕ್ಕೆ ಕೊನೆ ದಿನ ಗೊತ್ತಿದ್ದರೆ ಸ್ನೇಹ ಅಲ್ಲಿಂದಲೇ ಬಿರುಕು ಬಿಡುತ್ತದೆ. ಬಿಸಿ_ಬನ್ ಅವರೇ, ಎದುರಿನವರ ಬಾಡಿಗೆ ಕರಾರು 11 ತಿಂಗಳದ್ದಾ? ಎಂಟು ತಿಂಗಳು ಕಳೆದಿದೆ ಅಂದಿರಿ. ಜಾಗ ಬಿಡುವವರಾದರೆ ಅವರಿಗೆ ನಾಳೆಯ ಭಯ ಇಲ್ಲ.

ಬಿಸಿ_ಬನ್:
ಇಲ್ಲ, ಜಾಗ ಅವರ ಮಾವನದ್ದೇ. ಹೋಗುವವರಲ್ಲ. ಇನ್ನೊಂದು, ನಿನ್ನೆ ಕೂತು ಲೆಕ್ಕದ ಪುಸ್ತಕ ನೋಡಿದೆ. ಮೇಷ್ಟ್ರು 100 ಬನ್ ಅಂತ ಹಾಕಿದ್ದಾರೆ, ಅಷ್ಟು ಕೆಟ್ಟಿಲ್ಲ. ಈ ಎರಡು ವಾರ ಸರಾಸರಿ 220 ಹೋಗಿದೆ.

ಎಂಬಿಎ_ಹುಡುಗಿ:
ಅಯ್ಯೋ, ಹಾಗಿದ್ದರೆ ಇಡೀ ಚೌಕ ಬದಲಾಗುತ್ತದೆ! 15ರಲ್ಲೇ ನಿಂತರೆ 220 ಬನ್ನಿಗೆ 6ರಂತೆ 1,320. ಇಳಿಸಿದರೆ 310ಕ್ಕೆ 4ರಂತೆ 1,240. ಸುಮ್ಮನೆ ನಿಲ್ಲುವುದೇ ಲಾಭ. ಇದು ಖೈದಿಗಳ ಇಕ್ಕಟ್ಟೇ ಅಲ್ಲ. (ಈಗ ಯಾರೂ ತಪ್ಪು ಹುಡುಕಬೇಡಿ.)

ಅರ್ಧ_ಕಾಫಿ:
ಹುಡುಕುತ್ತೇನೆ, ಕ್ಷಮಿಸಿ. ಆ 9 ರೂಪಾಯಿಯಲ್ಲಿ ಕೂಲಿ ಸೇರಿದೆ. ಹುಡುಗರಿಗೆ ತಿಂಗಳ ಸಂಬಳವಾದರೆ ಬನ್ 200 ಆದರೂ 300 ಆದರೂ ಅದು ಅಷ್ಟೇ. ತೆಗೆದು ಹಾಕಿ, ಖರ್ಚು 7 ಅಂತ ಇಡಿ. 15ರಲ್ಲೇ ನಿಂತರೆ 1,760, ಇಳಿಸಿದರೆ 1,860.

ಎಂಬಿಎ_ಹುಡುಗಿ:
ದಿನಕ್ಕೆ 100 ರೂಪಾಯಿಗಾಗಿ ಯುದ್ಧ ಶುರು ಮಾಡಿ, ಅವರು 12 ಮಾಡಿ, ಇವರು 11 ಮಾಡಿ... ಬೇಡಪ್ಪ. ಅದೂ 310 ಅನ್ನುವುದು ಮೇಷ್ಟ್ರ ಊಹೆ.

ಲೆಕ್ಕದ_ಮೇಷ್ಟ್ರು:
ಊಹೆ ಅಂತ ಮೊದಲೇ ಹೇಳಿದ್ದೆ. ನನಗೆ ಕಾಡುತ್ತಿರುವುದು ಬೇರೆ. 13ಕ್ಕೆ ಸಿಗುವಾಗ ಆ 220 ಜನ ಯಾಕೆ 15 ಕೊಡುತ್ತಿದ್ದಾರೆ? ನಿಮ್ಮ ಬನ್ ಅಷ್ಟು ರುಚಿಯಾ?

ಬಿಸಿ_ಬನ್:
ರುಚಿ ಇದೆ ಅಂತ ನಾನು ಹೇಳಿದರೆ ಜಂಬ ಆಗುತ್ತದೆ. ಹಸಿಮೆಣಸು, ಕರಿಬೇವು ಧಾರಾಳ ಹಾಕುತ್ತೇವೆ. ಆದರೆ ಕಾರಣ ಅದಲ್ಲ, ಇವತ್ತು ಗೊತ್ತಾಯ್ತು. ನಮ್ಮಿಬ್ಬರಿಗೂ ಮೈದಾ ಹಾಕುವವರು ಒಬ್ಬರೇ. ಟೀ ಕುಡಿಯುತ್ತಾ ಅವರೇ ಮಾತು ತೆಗೆದರು. ಎದುರಿನವರ ಒಲೆ ಚಿಕ್ಕದಂತೆ, ಬ್ರೆಡ್ಡು ಬಿಸ್ಕೆಟ್ ಎಲ್ಲ ಬೇಯಿಸಿ ಖಾರಾ ಬನ್ನಿಗೆ ಉಳಿಯುವುದು 350ರಷ್ಟು ಜಾಗ. ಮಧ್ಯಾಹ್ನ ನಾಲ್ಕಕ್ಕೆ ಅವರ ಗಾಜಿನ ಪೆಟ್ಟಿಗೆ ಖಾಲಿ. ನಾಲ್ಕೂವರೆಗೆ ಕಾಲೇಜು ಬಿಡುತ್ತದೆ, ಹಳ್ಳಿ ಬಸ್ಸುಗಳು ಐದಕ್ಕೆ. ಆ ಹುಡುಗರೆಲ್ಲ ನನ್ನ ಹತ್ತಿರ ಬರುತ್ತಿದ್ದಾರೆ.

ಅರ್ಧ_ಕಾಫಿ:
ಒಲೆ! ಇಷ್ಟು ಹೊತ್ತು ನಾವು ಬೆಲೆ ಬಗ್ಗೆ ಮಾತಾಡಿದೆವು, ಒಲೆ ಬಗ್ಗೆ ಒಬ್ಬರೂ ಕೇಳಲಿಲ್ಲ. ಮಾಡುವ ಶಕ್ತಿಗೆ ಮಿತಿ ಇದ್ದರೆ ಬೆಲೆ ಯುದ್ಧ ಪೂರ್ತಿ ನಡೆಯುವುದೇ ಇಲ್ಲ, ಎಜ್‌ವರ್ತ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಇನ್ನೂ ಕೆಳಗೆ ಇಳಿಸಿ ಅವರಿಗೆ ಪ್ರಯೋಜನ ಇಲ್ಲ, ಮಾರಲು ಬನ್ ಇಲ್ಲ. ನಿಮ್ಮ 220 ಹತ್ತಿರ ಹತ್ತಿರ ತಳ ಮುಟ್ಟಿದೆ.

ರೀಚಾರ್ಜ್_ಅಂಗಡಿ:
ಹಾಗಾದರೆ ಅವರು ಇಳಿಸಿದ್ದು ಯಾಕೆ? 300 ಮಾರುತ್ತಿದ್ದವರು 350ಕ್ಕೋಸ್ಕರ 2 ರೂಪಾಯಿ ಬಿಡುತ್ತಾರಾ?

ಲೆಕ್ಕದ_ಮೇಷ್ಟ್ರು:
ಅವರು 300 ಮಾರುತ್ತಿದ್ದರು ಅಂತ ಹೇಳಿದ್ದು ನಾನು, ಅವರಲ್ಲ 🙂 ಹೊಸ ಅಂಗಡಿ, 200 ಹೋಗುತ್ತಿತ್ತು ಅನ್ನಿ. 6ರಂತೆ 1,200. ಈಗ 350, 4ರಂತೆ 1,400. ಒಲೆ ಖಾಲಿ ಬಿಡುವ ಬದಲು ತುಂಬಿಸಿದ್ದಾರೆ. ನಿಮ್ಮನ್ನು ಓಡಿಸುವ ಯೋಚನೆ ಅವರಿಗೆ ಇದ್ದ ಹಾಗೆ ಕಾಣುವುದಿಲ್ಲ.

ಬಿಸಿ_ಬನ್:
ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ‘ಒಲೆ ಚಿಕ್ಕದು ಅಂತ ಮೊದಲೇ ಹೇಳಬಾರದಾ’ ಅಂತ ನನ್ನನ್ನೇ ಬೈದರು. ಸದ್ಯಕ್ಕೆ 15ರಲ್ಲೇ ಇದ್ದೇನೆ. ಒಂದು ಬದಲಾವಣೆ ಮಾಡಿದೆ. ಮೂರನೇ ಟ್ರೇ ಮಧ್ಯಾಹ್ನ ಎರಡಕ್ಕೆ ತೆಗೆಯುತ್ತಿದ್ದೆವು, ಈಗ ನಾಲ್ಕೂ ಕಾಲಿಗೆ ತೆಗೆಯುತ್ತೇವೆ. ಕಾಲೇಜು ಹುಡುಗರು ಬರುವಾಗ ಈರುಳ್ಳಿ ವಾಸನೆ ಬಸ್ ಸ್ಟ್ಯಾಂಡ್ ತನಕ ಹೋಗುತ್ತದೆ. ನಿನ್ನೆ 248 ಹೋಯ್ತು.

ಚೀಟಿ_ಸೊಸೆ:
ಓದುತ್ತಾ ಹಸಿವಾಯ್ತು. ದಿಲ್‌ಪಸಂದ್ ಎಷ್ಟು ನಿಮ್ಮಲ್ಲಿ?

ಬಿಸಿ_ಬನ್:
ಐದು ದಿನ ಬಿಟ್ಟು ಬಂದೆ. ಹೊಸ ಸುದ್ದಿ. ಇವತ್ತು ಬೆಳಗ್ಗೆ ಎದುರಿನವರು ಹಲಗೆಯಲ್ಲಿ 13ರ ಮೂರನ್ನು ಒರೆಸಿ 14 ಮಾಡಿದ್ದಾರೆ. ಹಳೇ ಮೂರು ಇನ್ನೂ ಮಸುಕಾಗಿ ಕಾಣುತ್ತಿದೆ. ಇದು ರಾಜಿಗೆ ಬಂದ ಹಾಗಾ? ನಾನು 15ರಲ್ಲೇ ಗಟ್ಟಿಯಾಗಿ ನಿಂತದ್ದು ನೋಡಿ ಹೆದರಿದರಾ?

ಅರ್ಧ_ಕಾಫಿ:
ಜಂಬ ಬೇಡ ಅಂದವರು ನೀವೇ. ನಾಲ್ಕು ಗಂಟೆಗೇ ಖಾಲಿ ಆಗುತ್ತಿದ್ದರೆ 1 ರೂಪಾಯಿ ಏರಿಸಿದರೂ 350 ಹೋಗುತ್ತದೆ ಅಂತ ಅವರಿಗೂ ತಿಳಿದಿದೆ. ಅವರು ನೋಡುತ್ತಿರುವುದು ತಮ್ಮ ಒಲೆಯನ್ನು, ನಿಮ್ಮನ್ನಲ್ಲ.

ಲೆಕ್ಕದ_ಮೇಷ್ಟ್ರು:
ಇರಬಹುದು. ರಾಜಿಯೂ ಇರಬಹುದು. 14 ಅನ್ನುವ ಬೋರ್ಡ್ ಎರಡೂ ಕಾರಣಕ್ಕೆ ಒಂದೇ ಥರ ಕಾಣುತ್ತದೆ.

ರೀಚಾರ್ಜ್_ಅಂಗಡಿ:
ದೊಡ್ಡ ಒಲೆ ತರಿಸುತ್ತಿದ್ದಾರಾ ಅಂತ ಮೈದಾದವರನ್ನು ಕೇಳಿ.

ಬಿಸಿ_ಬನ್:
ಗುರುವಾರ ಬರುತ್ತಾರೆ, ಕೇಳುತ್ತೇನೆ. ದಿಲ್‌ಪಸಂದ್ 30 ರೂಪಾಯಿ ಮೇಡಂ. ಅದು ಎದುರಿನವರು ಮಾಡುವುದಿಲ್ಲ.